ಕಬ್ಬಿನ ಟ್ರೈಲರ್ ಹಿಂದಿನ ‘ರೇಡಿಯಂ’ ಯಾಕೆ ಕಾಣಲಿಲ್ಲ?

ಒಂದು ರಾತ್ರಿ ಮದ್ದೂರಿನಿಂದ ಮಳವಳ್ಳಿ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದೆ. ಎಂಟೂವರೆ ಆಗಿರಬೇಕು. ಎದುರಿಂದ ಬಂದ ಬಸ್ಸಿನ ಹೈಬೀಮ್ ಕಣ್ಣಿಗೆ ಹೊಡೆಯಿತು. ಬಸ್ಸು ದಾಟಿದ ಮೇಲೂ ಒಂದೆರಡು ಸೆಕೆಂಡ್ ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ರಸ್ತೆಗೆ ಅಡ್ಡಲಾಗಿ ಒಂದು ಕಪ್ಪು ಗೋಡೆ ನಿಂತಿತ್ತು. ಕಬ್ಬು ತುಂಬಿದ ಟ್ರೈಲರ್. ಬ್ರೇಕ್ ಮೇಲೆ ನಿಂತೇ ಬಿಟ್ಟೆ. ಕಾರು ನಿಂತಾಗ ಬಾನೆಟ್ಟಿಗೂ ಕಬ್ಬಿನ ತುದಿಗೂ ಮಧ್ಯೆ ಒಂದು ಮಾರು ಜಾಗ ಉಳಿದಿತ್ತು.

ಇಳಿದು ಹೋದೆ. ಟ್ರೈಲರ್ ಟೈರು ಪಂಚರ್ ಆಗಿತ್ತು. ಹಿಂದೆ ನಾಲ್ಕು ದಪ್ಪ ಕಲ್ಲು, ಒಂದು ಹೊಂಗೆ ಕೊಂಬೆ ಇಟ್ಟಿದ್ದರು. ‘ಹಿಂದೆ ರೇಡಿಯಂ ಹಾಕ್ಸೋಕೇನ್ರೀ ನಿಮ್ಗೆ?’ ಅಂತ ರೇಗಿದೆ. ಚಾಲಕನಿಗೆ ಬೇಜಾರಾಯಿತು. ‘ಹಾಕ್ಸಿದೀನಿ ಸಾರ್, ನೋಡಿ’ ಅಂದು, ನೇತಾಡುತ್ತಿದ್ದ ಸೋಗೆಯನ್ನು ಕೈಯಲ್ಲಿ ಎತ್ತಿ ಹಿಡಿದ. ನಿಜ, ಹಿಂದಿನ ಅಡ್ಡಪಟ್ಟಿಯ ಮೇಲೆ ಕೆಂಪು ಟೇಪ್ ಇತ್ತು. ಅದರ ಮೇಲೆ ಒಣಗಿದ ಕೆಸರು, ಕೆಸರಿನ ಮೇಲೆ ಧೂಳು, ಧೂಳಿನ ಮೇಲೆ ಸೋಗೆ. ಬೆರಳಲ್ಲಿ ಉಜ್ಜಿದೆ. ಉಜ್ಜಿದ ಜಾಗ ಮಾತ್ರ ನನ್ನ ಕಾರಿನ ಬೆಳಕಿಗೆ ಕೆಂಡದ ಹಾಗೆ ಹೊಳೆಯಿತು.

ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ದುಡ್ಡು ಕೊಟ್ಟು ಟೇಪ್ ಹಾಕಿಸಿದ್ದ. ಅಂಗಡಿಯಲ್ಲಿ, ಹಗಲು ಹೊತ್ತಿನಲ್ಲಿ, ಖಾಲಿ ಟ್ರೈಲರ್‌ಗೆ. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಟೇಪಿನ ಕಥೆ ಇದೇ. ಅಂಟಿಸುವವನು ನೋಡುವುದು ಹಗಲಿನ ಖಾಲಿ ಗಾಡಿಯನ್ನು. ಹಿಂದಿನಿಂದ ಬರುವವನಿಗೆ ಎದುರಾಗುವುದು ರಾತ್ರಿಯ ಲೋಡಾದ, ಕೆಸರು ಹತ್ತಿದ ಗಾಡಿ. ಟೇಪನ್ನು ಆರಿಸಬೇಕಾದದ್ದು, ಅಂಟಿಸಬೇಕಾದದ್ದು ಈ ಎರಡನೆಯವನ ಕಣ್ಣಿನಿಂದ.

ರೇಡಿಯಂ ಅಲ್ಲದ ರೇಡಿಯಂ

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ರಾತ್ರಿ ಹೊಳೆಯುವುದೆಲ್ಲ ‘ರೇಡಿಯಂ’. ನಂಬರ್ ಪ್ಲೇಟ್ ಬರೆಯುವ ಅಂಗಡಿಗೂ ‘ರೇಡಿಯಂ ವರ್ಕ್ಸ್’ ಅಂತಲೇ ಬೋರ್ಡು. ಅಸಲಿ ರೇಡಿಯಂ ಅನ್ನುವುದು ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ವಿಕಿರಣ ಸೂಸುವ ಲೋಹ. ಹಿಂದೆ ಅದನ್ನು ಬಣ್ಣಕ್ಕೆ ಬೆರೆಸಿ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದರು. ಕತ್ತಲಲ್ಲಿ ತಾನಾಗಿಯೇ ಮಿನುಗುತ್ತಿತ್ತು. ಲಾರಿಯ ಟೇಪಿನಲ್ಲಿ ಅದರ ಒಂದು ಕಣವೂ ಇಲ್ಲ.

ಹೆಸರು ಏನಾದರೇನು ಅನ್ನಬಹುದು. ಆದರೆ ಈ ಒಂದು ಪದದೊಳಗೆ ಮೂರು ಬೇರೆ ಬೇರೆ ಸಾಮಾನು ಕಲಸಿಹೋಗಿವೆ, ತಪ್ಪು ಖರೀದಿ ಶುರುವಾಗುವುದೇ ಇಲ್ಲಿ. ಒಂದು, ಮಕ್ಕಳ ಕೋಣೆಯ ಸೀಲಿಂಗಿಗೆ ಅಂಟಿಸುವ ನಕ್ಷತ್ರದಂಥದ್ದು. ಹಗಲು ಬೆಳಕು ಕುಡಿದು ರಾತ್ರಿ ಸ್ವಲ್ಪ ಹೊತ್ತು ಮಂಕಾಗಿ ಹೊಳೆದು ಆರಿಹೋಗುತ್ತದೆ. ಇನ್ನೊಂದು ಫ್ಲೋರೊಸೆಂಟ್. ನಿಂಬೆಹಳದಿ, ಕಿತ್ತಳೆ ಬಣ್ಣದ ಜಾಕೆಟ್ಟುಗಳಲ್ಲಿ ಇರುವುದು. ಹಗಲಲ್ಲಿ, ಮುಸ್ಸಂಜೆಯಲ್ಲಿ ಕಣ್ಣು ಕುಕ್ಕುತ್ತದೆ, ರಾತ್ರಿ ಹೆಡ್‌ಲೈಟಿಗೆ ಸಾಮಾನ್ಯ ಬಟ್ಟೆಯ ಹಾಗೇ. ಮೂರನೆಯದು ರಿಫ್ಲೆಕ್ಟಿವ್. ಗಾಡಿಗೂ ರಸ್ತೆ ಬೋರ್ಡಿಗೂ ಬೇಕಾದದ್ದು ಇದು. ಇದಕ್ಕೆ ಸ್ವಂತ ಬೆಳಕಿಲ್ಲ. ನಿಮ್ಮ ಹೆಡ್‌ಲೈಟಿನ ಬೆಳಕನ್ನೇ ನಿಮಗೆ ವಾಪಸ್ ಕೊಡುತ್ತದೆ, ಅಷ್ಟೇ. ಬೆಳಕು ಬೀಳದಿದ್ದರೆ ಅದು ಸುಮ್ನೆ ಒಂದು ಬಣ್ಣದ ಪಟ್ಟಿ.

ಅಂಗಡಿಯಲ್ಲಿ ‘ರೇಡಿಯಂ ಕೊಡಿ’ ಅಂದರೆ ಮೂರರಲ್ಲಿ ಯಾವುದು ಬೇಕಾದರೂ ಬರಬಹುದು. ಕಣ್ಣಿಗೆ ರಾಚುವ ಹಸಿರು-ಹಳದಿ ಪಟ್ಟಿಯನ್ನು ಆರಿಸಿ ತಂದು ಸೈಕಲ್ಲಿಗೆ ಸುತ್ತಿದವರನ್ನು ನೋಡಿದ್ದೇನೆ. ರಾತ್ರಿ ಅದು ಇದ್ದೂ ಇಲ್ಲದ ಹಾಗೆ.

ಕೇರಂ ಬೋರ್ಡಿನ ಮೂಲೆ

ಬೆಳಕನ್ನು ವಾಪಸ್ ಕೊಡುವುದು ಅಂದರೆ ಕನ್ನಡಿಯಂತೆ ಅಲ್ವಾ? ಅಲ್ಲ. ಕನ್ನಡಿಗೆ ಓರೆಯಾಗಿ ಬೆಳಕು ಬಿಟ್ಟರೆ ಆ ಕಡೆಗೆ ಹೋಗುತ್ತದೆ. ನಿಮಗೆ ಬರುವುದಿಲ್ಲ. ಬಿಳಿ ಗೋಡೆಗೆ ಬಿಟ್ಟರೆ ಎಲ್ಲ ಕಡೆಗೂ ಚೆಲ್ಲಿಹೋಗುತ್ತದೆ. ನಿಮ್ಮ ಪಾಲಿಗೆ ಬರುವುದು ಚೂರು. ಟೇಪ್ ಮಾಡುವ ಕೆಲಸವೇ ಬೇರೆ. ಯಾವ ಕಡೆಯಿಂದ ಬೆಳಕು ಬಂತೋ ಆ ಕಡೆಗೇ ತಿರುಗಿಸಿ ಕಳಿಸುತ್ತದೆ.

ಕೇರಂ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಟ್ರೈಕರನ್ನು ಮೂಲೆಯ ಹತ್ತಿರ ಹೊಡೆದರೆ ಒಂದು ಅಂಚಿಗೆ ತಾಗಿ, ಪಕ್ಕದ ಅಂಚಿಗೆ ತಾಗಿ, ಬಂದ ದಿಕ್ಕಿಗೇ ವಾಪಸ್ ಬರುತ್ತದೆ. ಕೇರಂ ಬೋರ್ಡಿನ ಮೂಲೆಗೆ ಎರಡು ಅಂಚು. ಇನ್ನೊಂದು ಗೋಡೆ ಸೇರಿಸಿ ಮೂರು ಮುಖದ ಮೂಲೆ ಮಾಡಿದರೆ ಮೇಲೆ ಕೆಳಗೆ ಎಲ್ಲಿಂದ ಬಂದ ಬೆಳಕೂ ಹಾಗೇ ಮರಳುತ್ತದೆ. ಒಳ್ಳೆಯ ಟೇಪಿನ ಹೊಟ್ಟೆಯಲ್ಲಿ ಇಂಥ ಸಣ್ಣ ಸಣ್ಣ ಮೂಲೆಗಳು ಸಾವಿರಾರು ಇರುತ್ತವೆ. ಇದಕ್ಕೆ ಪ್ರಿಸ್ಮಾಟಿಕ್ ಅನ್ನುತ್ತಾರೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಮೇಲೂ ಇದೇ ಉಪಾಯದ, ಎಂಟು ಮೂಲೆಗಳ ಒಂದು ಪುಟ್ಟ ಸಾಧನ ಕೂತಿದೆ. ನಾಸಾದ ನೌಕೆಯೊಂದು ಚಂದ್ರನ ಸುತ್ತ ತಿರುಗುತ್ತಾ 2023ರ ಡಿಸೆಂಬರ್ 12ರಂದು ಅದಕ್ಕೆ ಲೇಸರ್ ಬಿಟ್ಟಾಗ ಬೆಳಕು ವಾಪಸ್ ಬಂತು. ವಿಕ್ರಮ್ ಅಷ್ಟು ಹೊತ್ತಿಗೆ ಮಲಗಿ ತಿಂಗಳುಗಳೇ ಆಗಿದ್ದವು. ಮೂಲೆಗೆ ಬ್ಯಾಟರಿ ಬೇಕಿಲ್ಲವಲ್ಲ.

ಹಳೆಯ ವಿಧಾನ ಇನ್ನೊಂದಿದೆ, ಗಾಜಿನ ಮಣಿಗಳದ್ದು. ಸಕ್ಕರೆ ಹರಳಿಗಿಂತ ಎಷ್ಟೋ ಸಣ್ಣ ಗಾಜಿನ ಗುಂಡುಗಳು. ಒಂದೊಂದು ಗುಂಡೂ ಬೆಳಕನ್ನು ಹಿಂಬದಿಗೆ ಒಟ್ಟುಗೂಡಿಸುತ್ತದೆ, ಅಲ್ಲಿಂದ ಬಂದ ದಾರಿಗೇ ತಳ್ಳುತ್ತದೆ. ರಾತ್ರಿ ರಸ್ತೆ ಬದಿಯಲ್ಲಿ ದನದ ಕಣ್ಣು, ಬೆಕ್ಕಿನ ಕಣ್ಣು ಹೊಳೆಯುವುದೂ ಹೆಚ್ಚುಕಮ್ಮಿ ಇದೇ ರೀತಿ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ, ರಸ್ತೆಯಲ್ಲಿ ಕೂರಿಸುವ ಹೊಳೆಯುವ ಬಟನ್ನಿಗೆ ‘ಕ್ಯಾಟ್ಸ್ ಐ’ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ. ಮಣಿ ಟೇಪ್ ಅಗ್ಗ, ಬಾಗುವ ಜಾಗಕ್ಕೂ ಕೂರುತ್ತದೆ. ಆದರೆ ಪ್ರಿಸ್ಮಾಟಿಕ್‌ನಷ್ಟು ದೂರಕ್ಕೆ ಕಾಣುವುದಿಲ್ಲ.

ಈ ವಿಷಯದಿಂದ ಒಂದು ವಿಚಿತ್ರ ಫಲ ಬರುತ್ತದೆ. ಟೇಪ್ ಬೆಳಕನ್ನು ಕಳಿಸುವುದು ಹೆಡ್‌ಲೈಟ್ ಕಡೆಗೆ, ನಿಮ್ಮ ಕಣ್ಣಿಗಲ್ಲ. ಅದೃಷ್ಟಕ್ಕೆ ಕಣ್ಣು ಹೆಡ್‌ಲೈಟಿನ ಹತ್ತಿರವೇ ಇದೆ. ಸ್ವಲ್ಪ ಚೆದುರಿದ ಬೆಳಕು ಕಣ್ಣಿಗೂ ಸಿಗುತ್ತದೆ. ಕಾರಿನಲ್ಲಿ ಕೂತವನ ಕಣ್ಣು ಹೆಡ್‌ಲೈಟಿಗಿಂತ ಸುಮಾರು ಅರ್ಧ ಮೀಟರ್ ಮೇಲಿರುತ್ತದೆ. ಲಾರಿ, ಬಸ್ಸಿನ ಚಾಲಕನದ್ದು ಒಂದೂಕಾಲು, ಒಂದೂವರೆ ಮೀಟರ್ ಮೇಲೆ. ಹಾಗಾಗಿ ಅದೇ ಟೇಪ್, ಅದೇ ದೂರ, ಅದೇ ಬೆಳಕು ಇದ್ದರೂ ಲಾರಿಯವನಿಗೆ ಮಂಕಾಗಿ ಕಾಣುತ್ತದೆ. ಕಾರಿನಿಂದ ನೋಡಿ ‘ಚೆನ್ನಾಗಿ ಹೊಳೀತಿದೆ’ ಅಂದರೆ ಸಾಲದು. ಹಿಂದಿನಿಂದ ಬರುವುದು ಹದಿನಾರು ಚಕ್ರದ ಲಾರಿಯೂ ಆಗಿರಬಹುದು.

ಎಪ್ಪತ್ತು ಮೀಟರಿನ ಲೆಕ್ಕ

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡದ್ದು ಏನೆಂದು ಅರ್ಥವಾಗಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿಯಿರಿ, 33 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆ ಬ್ರೇಕು ಇದ್ದರೂ ನಿಲ್ಲಲು ಇನ್ನೂ 35 ಮೀಟರಿಗೆ ಮೇಲೆ ಬೇಕು. ಒಟ್ಟು 70 ಮೀಟರ್. ಲೋ ಬೀಮಿನಲ್ಲಿ ಬಣ್ಣವಿಲ್ಲದ ಕಪ್ಪು ವಸ್ತು ಕಾಣುವುದು ಹೆಚ್ಚೆಂದರೆ 40-50 ಮೀಟರಿನಿಂದ. ಕಬ್ಬಿನ ಟ್ರೈಲರ್ ಓಡುವುದು ಗಂಟೆಗೆ ಹದಿನೈದೋ ಇಪ್ಪತ್ತೋ ಕಿ.ಮೀ. ಅದು ಚಲಿಸುತ್ತಿದ್ದರೂ ಹಿಂದಿನವನ ಪಾಲಿಗೆ ನಿಂತ ಹಾಗೇ. ಈ 20-30 ಮೀಟರ್ ಕೊರತೆಯನ್ನು ತುಂಬುವುದೇ ಟೇಪಿನ ಕೆಲಸ.

ತುಂಬುತ್ತದೆಯೇ? ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಲ್ಲಿ 1993ರ ಡಿಸೆಂಬರಿನಿಂದ ಹೊಸ ದೊಡ್ಡ ಟ್ರೈಲರ್‌ಗಳಿಗೆ ಟೇಪ್ ಕಡ್ಡಾಯವಾಯಿತು. 2001ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಫ್ಲೋರಿಡಾ ಮತ್ತು ಪೆನ್ಸಿಲ್ವೇನಿಯಾದ ಅಪಘಾತಗಳ ಲೆಕ್ಕ ತೆಗೆದು ಪ್ರಕಟಿಸಿತು. ಕತ್ತಲಲ್ಲಿ ಟ್ರೈಲರ್‌ನ ಪಕ್ಕಕ್ಕೆ, ಹಿಂದಕ್ಕೆ ಗುದ್ದುವ ಘಟನೆಗಳು ಟೇಪಿನಿಂದ 29% ಕಡಿಮೆಯಾಗಿದ್ದವು. ಬೀದಿದೀಪವೂ ಇಲ್ಲದ ರಸ್ತೆಯಲ್ಲಿ 41%. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಅದೇ ವರದಿಯ ಇನ್ನೊಂದು ಮಾತು. ಟೇಪ್ ಶುಚಿಯಾಗಿದ್ದರೆ ಹಿಂದಿನಿಂದ ಗುದ್ದುವುದು 53% ಕಡಿಮೆ, ಕೊಳಕಾಗಿದ್ದರೆ 27% ಮಾತ್ರ. ಅಂದರೆ ಕೆಸರು ಟೇಪಿನ ಅರ್ಧ ಲಾಭವನ್ನು ತಿಂದುಹಾಕುತ್ತದೆ. ಅದೂ ಡಾಂಬರು ಬಿಟ್ಟು ಇಳಿಯದ ಅಮೆರಿಕದ ಲಾರಿಗಳಲ್ಲಿ. ಗದ್ದೆ ಬದುವಿನಿಂದ ಎದ್ದು ಬರುವ ನಮ್ಮ ಟ್ರೈಲರ್ ಎಷ್ಟನ್ನು ಉಳಿಸಿಕೊಂಡೀತು?

ಅಂಗಡಿಯಲ್ಲಿ ಏನು ನೋಡಬೇಕು

ಟೇಪಿನ ಶಕ್ತಿಯನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಟೇಪಿನ ಮೇಲೆ ಇಷ್ಟು ಬೆಳಕು ಬಿದ್ದರೆ ಬೆಳಕು ಬಿಟ್ಟವನ ಕಡೆಗೆ ಎಷ್ಟು ಮರಳುತ್ತದೆ ಅನ್ನುವ ಲೆಕ್ಕ ಅದು. ಹಾಲಿನಂಥ ಬಿಳಿ ಪೇಂಟಿಗೆ ಈ ಸಂಖ್ಯೆ ಸುಮಾರು 0.3. ಭಾರಿ ವಾಹನಗಳ ಟೇಪಿಗೆ ವಿಶ್ವಸಂಸ್ಥೆಯ ಯುರೋಪ್ ಆಯೋಗದ 104ನೇ ನಿಯಮ ಕೇಳುವ ಕನಿಷ್ಠ ಮಟ್ಟ, ನೇರಕ್ಕೆ ಹತ್ತಿರದ ಕೋನದಲ್ಲಿ, ಬಿಳಿಗೆ 450, ಹಳದಿಗೆ 300, ಕೆಂಪಿಗೆ 120. ಬಿಳಿ ಟೇಪ್ ಅಂದರೆ ಬಿಳಿ ಪೇಂಟಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಲಾರಿಯ ಹಿಂದೆ ಎಷ್ಟೇ ಚೆಂದದ ಬಣ್ಣ ಬಳಿದು ‘ಹಾರ್ನ್ ಪ್ಲೀಸ್’ ಬರೆಸಿದರೂ ಈ ಕೆಲಸ ಆಗದು.

ಆ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಅತಿ ಕಡಿಮೆ ಬೆಳಕು ಕೊಡುವ ಬಣ್ಣ ಕೆಂಪು. ಅತಿ ಅಪಾಯದ ಜಾಗವಾದ ಹಿಂಭಾಗಕ್ಕೆ ಹಾಕುವುದೂ ಕೆಂಪೇ. ಕೆಂಪು ಹಾಕುವುದು ತಪ್ಪಲ್ಲ. ಕೆಂಪು ಕಂಡರೆ ಇದು ಗಾಡಿಯ ಬೆನ್ನು ಅಂತ ಯೋಚಿಸದೆಯೇ ತಿಳಿಯುತ್ತದೆ. ಆದರೆ ಉಳಿತಾಯ ಮಾಡುವುದಿದ್ದರೆ ಹಿಂದಿನ ಕೆಂಪಿನಲ್ಲಿ ಮಾತ್ರ ಮಾಡಬೇಡಿ. ಅಗ್ಗದ ಬಿಳಿ ಟೇಪ್ ಹೇಗೋ ಒಂದಿಷ್ಟು ಹೊಳೆಯುತ್ತದೆ. ಅಗ್ಗದ ಕೆಂಪು ರಾತ್ರಿ ಬರೀ ಕಪ್ಪು. ಅಮೆರಿಕದವರು ಹಿಂದೆಯೂ ಕೆಂಪು-ಬಿಳಿ ಒಂದಾದ ಮೇಲೊಂದು ಇರುವ ಟೇಪ್ ಹಾಕುವುದರಿಂದ ಬಿಳಿಯ ಬಲವೂ ಸಿಗುತ್ತದೆ. ನಮ್ಮಲ್ಲಿ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಇದನ್ನು ಅದಲುಬದಲು ಮಾಡಬಾರದು. ಚೆಂದಕ್ಕೆ ಅಂತ ಮುಂದಿನ ಬಂಪರಿಗೆ ಕೆಂಪು ಟೇಪ್ ಹಾಕಿದ ಗಾಡಿ ರಾತ್ರಿ ಎದುರಿಂದ ಬಂದರೆ, ನಮ್ಮ ಮುಂದೆ ಹೋಗುತ್ತಿರುವ ಗಾಡಿ ಅಂದುಕೊಂಡು ಬಿಡುತ್ತೇವೆ.

ನಮ್ಮ ದೇಶದಲ್ಲಿ ಭಾರಿ ವಾಹನಗಳ ಟೇಪಿನ ಮಾನದಂಡಕ್ಕೆ ಎಐಎಸ್-090 ಅಂತ ಹೆಸರು. ಯುರೋಪಿನ ನಿಯಮದ ದಾರಿಯಲ್ಲೇ ಇದೆ. ಪಟ್ಟಿಯ ಅಗಲ ಕನಿಷ್ಠ 50 ಮಿ.ಮೀ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಪರೀಕ್ಷೆಯಾಗುತ್ತದೆ. ಒಳ್ಳೆಯ ಟೇಪಿನ ಮೈಮೇಲೆಯೇ, ಸ್ವಲ್ಪ ಸ್ವಲ್ಪ ದೂರಕ್ಕೆ, ಗುರುತು ಇರುತ್ತದೆ. ಯುರೋಪಿನದ್ದಾದರೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ 104ಆರ್, ಸಿ ದರ್ಜೆ. ಅಮೆರಿಕದ್ದಾದರೆ ಡಿಓಟಿ-ಸಿ2. ರೋಲಿನ ಡಬ್ಬದ ಮೇಲೆ ಮಾತ್ರ ಗುರುತಿದ್ದು ಟೇಪಿನ ಮೇಲೆ ಇಲ್ಲದಿದ್ದರೆ ಕೈಬಿಡಿ.

ಗುರುತನ್ನೂ ನಕಲು ಮಾಡುತ್ತಾರೆ, ಅದು ಬೇರೆ ಮಾತು. ಜೇನುಗೂಡಿನ ವಿನ್ಯಾಸ ಕಂಡರೆ ಪ್ರಿಸ್ಮಾಟಿಕ್ ಅಂತ ನಂಬುವವರು ಬಹಳ. ಬರೀ ಪ್ಲಾಸ್ಟಿಕ್ಕಿನ ಮೇಲೆ ಜೇನುಗೂಡು ಮುದ್ರಿಸಿದ ಟೇಪೂ ಮಾರುಕಟ್ಟೆಯಲ್ಲಿ ಇದೆ. ಆದ್ದರಿಂದ ಕಣ್ಣಿನ ಪರೀಕ್ಷೆಯೇ ವಾಸಿ. ಅಂಗಡಿಯ ಟ್ಯೂಬ್‌ಲೈಟಿನಡಿ ಎಲ್ಲ ಟೇಪೂ ಒಂದೇ ಥರ ಕಾಣುತ್ತದೆ. ಅಲ್ಲಿ ತೀರ್ಮಾನ ಮಾಡಬೇಡಿ. ಎರಡು ತುಂಡು ಕೇಳಿ ತಂದು, ಸಂಜೆ ಕತ್ತಲಾದ ಮೇಲೆ ಕಾಂಪೌಂಡಿಗೆ ಅಂಟಿಸಿ. ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ. ಫೋನಿನ ಟಾರ್ಚನ್ನು ಕೆನ್ನೆಯ ಪಕ್ಕ, ಕಣ್ಣಿಗೆ ಒತ್ತಿದ ಹಾಗೆ ಹಿಡಿದು ಬಿಡಿ. ಟಾರ್ಚನ್ನು ಎದೆಮಟ್ಟಕ್ಕೆ ಹಿಡಿದರೆ ಪರೀಕ್ಷೆ ಕೆಟ್ಟಿತು. ಬೆಳಕು ಟಾರ್ಚಿಗೆ ವಾಪಸ್ ಹೋಗುತ್ತದೆ, ನಿಮಗೆ ಕಾಣುವುದಿಲ್ಲ. ಆಮೇಲೆ ಎದುರಿನಿಂದ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕಳಪೆ ಟೇಪಿನ ಬಣ್ಣ ಬಯಲಾಗುವುದು ಇಲ್ಲಿ. ನೇರಕ್ಕೆ ಹೊಳೆದದ್ದು ಓರೆಗೆ ಸತ್ತುಹೋಗುತ್ತದೆ. ರಸ್ತೆಯ ತಿರುವಿನಲ್ಲಿ, ಓರೆಯಾಗಿ ನಿಂತ ಗಾಡಿಯಲ್ಲಿ ಬೇಕಾಗುವುದು ಈ ಓರೆ ನೋಟವೇ.

ಎರಡೂ ತುಂಡಿನ ಮೇಲೆ ನೀರು ಚಿಮುಕಿಸಿಯೂ ನೋಡಿ. ಮಣಿಗಳು ತೆರೆದೇ ಇರುವ ಬಟ್ಟೆಯಂಥ ಟೇಪ್ ಒದ್ದೆಯಾದರೆ ಮಂಕಾಗುತ್ತದೆ. ಜಾಕೆಟ್ಟಿಗೆ ಹೊಲಿಯಲು ಮಾಡಿದ್ದನ್ನು ಗಾಡಿಗೆ ಅಂಟಿಸಿದರೆ ಮಳೆಗಾಲದಲ್ಲಿ ಕೈಕೊಡುವುದು ಹೀಗೆ.

ಎಲ್ಲಿ ಅಂಟಿಸುವುದು

ಲಾರಿಯ ವಿಷಯ ಸುಲಭ. ಹಿಂದೆ ಆದಷ್ಟೂ ಪೂರ್ತಿ ಅಗಲಕ್ಕೆ, ಸಾಧ್ಯವಾದರೆ ಮೇಲಿನ ಮೂಲೆಗಳಿಗೂ. ಪಕ್ಕಕ್ಕೆ ಉದ್ದಕ್ಕೂ. ಮೂಲೆಗಳು ಯಾಕೆಂದರೆ, ನಡುವೆ ಒಂದು ತುಂಡು ಹೊಳೆದರೆ ಅದು ಬೈಕೋ ಲಾರಿಯೋ ತಿಳಿಯುವುದಿಲ್ಲ. ನಾಲ್ಕು ಮೂಲೆ ಕಂಡರೆ ಗಾಡಿಯ ಗಾತ್ರ ತಿಳಿಯುತ್ತದೆ, ಎಷ್ಟು ದೂರವಿದೆ ಅಂತಲೂ ಅಂದಾಜಾಗುತ್ತದೆ. ಅಲ್ಲೊಂದು ಇಲ್ಲೊಂದು ತುಂಡು ಅಂಟಿಸುವುದಕ್ಕಿಂತ ಆಕಾರ ತೋರುವ ಹಾಗೆ ಅಂಟಿಸುವುದು ಒಳ್ಳೆಯದು ಅನ್ನುವುದು ಇದಕ್ಕೇ.

ಕಬ್ಬಿನ ಟ್ರೈಲರ್‌ಗೆ ಬಂದರೆ ಕಥೆ ಬದಲಾಗುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್. ಹಾಡು ಜೋರಾಗಿ ಹಾಕಿಕೊಂಡಿರುತ್ತಾರೆ, ಹಿಂದಿನ ಹಾರ್ನು ಕೇಳುವುದಿಲ್ಲ. ಕಬ್ಬು ಪಕ್ಕಕ್ಕೂ ಹಿಂದಕ್ಕೂ ಚಾಚಿಕೊಂಡು ಟ್ರೈಲರ್‌ನ ಮೈಯನ್ನೇ ಮುಚ್ಚಿರುತ್ತದೆ. ಮೈಗೆ ಅಂಟಿಸಿದ ಟೇಪ್ ಖಾಲಿ ವಾಪಸ್ ಬರುವಾಗ ಮಾತ್ರ ಹೊಳೆಯುತ್ತದೆ. ಸೀಸನ್ ಶುರುವಾದಾಗ ಪೊಲೀಸರು, ಕಾರ್ಖಾನೆಯವರು ಸೇರಿ ಸ್ಟಿಕ್ಕರ್ ಅಂಟಿಸುವ ಫೋಟೋ ಪೇಪರಿನಲ್ಲಿ ಬರುತ್ತದೆ. ಒಳ್ಳೆಯ ಕೆಲಸವೇ. ಆದರೆ ಅದರಲ್ಲೂ ಹಗಲು ಹೊತ್ತು, ಖಾಲಿ ಟ್ರೈಲರ್.

ಟ್ರೈಲರ್‌ಗೆ ಅಂಟಿಸುವುದರ ಜೊತೆಗೆ ಲೋಡಿಗೆ ಕಟ್ಟುವ ವ್ಯವಸ್ಥೆ ಬೇಕು. ಒಂದು ಅಡಿ ಅಗಲದ ಅಲ್ಯೂಮಿನಿಯಂ ತಗಡು ಎರಡು ತಗೊಳ್ಳಿ. ಪೂರ್ತಿ ಕೆಂಪು ಪ್ರಿಸ್ಮಾಟಿಕ್ ಟೇಪ್ ಅಂಟಿಸಿ. ಮೂಲೆಗಳಿಗೆ ತೂತು ಕೊರೆದು ತಂತಿ ಪೋಣಿಸಿ. ಕಬ್ಬು ತುಂಬಿ ಹಗ್ಗ ಬಿಗಿದ ಮೇಲೆ ಹಿಂದಿನ ಎರಡೂ ಕೊನೆಗೆ ಇವನ್ನು ಹಗ್ಗಕ್ಕೇ ಕಟ್ಟಿ. ತಗಡಿನ ನಾಲ್ಕೂ ಮೂಲೆ ಕಟ್ಟಬೇಕು, ಒಂದೇ ಮೂಲೆ ಕಟ್ಟಿದರೆ ತಗಡು ತಿರುಗುತ್ತದೆ. ಕಾರ್ಖಾನೆಯಲ್ಲಿ ಇಳಿಸುವಾಗ ಬಿಚ್ಚಿ ಟೂಲ್ ಬಾಕ್ಸಿಗೆ ಹಾಕಿ. ಎರಡು ಟ್ರೈಲರ್ ಇದ್ದರೆ ಪಕ್ಕಕ್ಕೂ ಹಳದಿಯದ್ದು ಬೇಕು. ಯಾಕೆಂದರೆ ಅಡ್ಡರಸ್ತೆಯಿಂದ ಬರುವ ಬೈಕಿನವನು ಮೊದಲ ಟ್ರೈಲರ್ ದಾಟಿತು ಅಂತ ಎರಡನೆಯದಕ್ಕೆ ನುಗ್ಗುತ್ತಾನೆ. ಮಂಡ್ಯ ಕಡೆ ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸುವವರಿಗೂ ಇದೇ ತಗಡು ಆಗುತ್ತದೆ. ಎತ್ತಿನ ಕೊಂಬಿಗೆ ಟೇಪ್ ಸುತ್ತಿದರೆ ಎದುರಿಂದ ಬರುವವನಿಗೆ ಅನುಕೂಲ. ಹಿಂದಿನವನಿಗೆ ಕೊಂಬು ಎಲ್ಲಿ ಕಾಣಬೇಕು?

ಬೇಗ ಕಿತ್ತು ಬರುವುದು ಯಾಕೆ

ಟೇಪ್ ಎರಡೇ ತಿಂಗಳಿಗೆ ಎದ್ದು ಬಂತು ಅಂತ ದೂರುವವರು ಜಾಸ್ತಿ. ಹತ್ತರಲ್ಲಿ ಎಂಟು ಸಲ ತಪ್ಪು ಅಂಟಿಸಿದ ರೀತಿಯದ್ದು. ನನ್ನದೂ ಒಂದು ಆಗಿದೆ. ಹಳೆಯ ಪಿಕಪ್ ಒಂದಕ್ಕೆ ಅಂಟಿಸುವಾಗ ಸೀಮೆಎಣ್ಣೆಯಲ್ಲಿ ಒರೆಸಿ ಅಂಟಿಸಿದೆ. ಕೊಳೆ ಹೋಯಿತು, ಎಣ್ಣೆಯ ಪಸೆ ಉಳಿಯಿತು. ಮೊದಲ ಮಳೆಗೆ ಟೇಪ್ ಸುರುಳಿಯಾಗಿ ನೇತಾಡುತ್ತಿತ್ತು.

ಸೀಮೆಎಣ್ಣೆ, ಡೀಸೆಲ್ ಬೇಡ. ಸೋಪು ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ಒರೆಸಿ. ತುಕ್ಕು ಇದ್ದರೆ ಮೊದಲು ಕೆರೆದು ಪೇಂಟ್ ಮಾಡಿ, ಪೇಂಟ್ ಪೂರ್ತಿ ಒಣಗಲಿ. ಪೇಂಟೇ ಸಿಪ್ಪೆ ಏಳುತ್ತಿದ್ದರೆ ಟೇಪೂ ಅದರ ಜೊತೆ ಎದ್ದು ಬರುತ್ತದೆ. ಟೇಪನ್ನು ಎಳೆದು ಅಂಟಿಸಬೇಡಿ. ಎಳೆದದ್ದು ಬಿಸಿಲಿಗೆ ಕುಗ್ಗಿ ತುದಿ ಬಿಡುತ್ತದೆ. ಒಂದು ಕೊನೆಯಿಂದ ಹಾಳೆ ಬಿಡಿಸುತ್ತಾ, ಬಟ್ಟೆ ಸುತ್ತಿದ ಮರದ ತುಂಡಿನಿಂದ ಬಲವಾಗಿ ಒತ್ತುತ್ತಾ ಹೋಗಿ. ಅಂಟು ಪೂರ್ತಿ ಹಿಡಿಯಲು ಒಂದೆರಡು ದಿನ ಬೇಕು. ಅವತ್ತೇ ವಾಟರ್ ಸರ್ವೀಸಿಗೆ ಬಿಡಬೇಡಿ. ಆಮೇಲೂ ಪ್ರೆಷರ್ ಗನ್ನನ್ನು ಟೇಪಿನ ಅಂಚಿಗೆ ಓರೆಯಾಗಿ ಹಿಡಿಯಬೇಡಿ ಅಂತ ಹುಡುಗನಿಗೆ ಹೇಳಿ.

ರಿವೆಟ್ ಬಂದ ಕಡೆ ಅದರ ಮೇಲೆಯೇ ಎಳೆಯದೆ, ಸುತ್ತ ಕತ್ತರಿಸಿ ಬಿಡಿ. ಮರದ ಬಾಡಿಯ ಲಾರಿಗಳಿಗೆ ಟೇಪ್ ನೇರವಾಗಿ ನಿಲ್ಲುವುದಿಲ್ಲ. ತಗಡಿನ ಪಟ್ಟಿಗೆ ಅಂಟಿಸಿ, ಪಟ್ಟಿಯನ್ನು ಮರಕ್ಕೆ ಸ್ಕ್ರೂ ಹಾಕಿ. ಟಾರ್ಪಾಲಿಗೆ ಬೇರೆಯೇ, ಬಾಗುವ ಟೇಪ್ ಸಿಗುತ್ತದೆ. ಇನ್ನು ಟೇಪ್ ಬಾಳಲಿ ಅಂತ ಅದರ ಮೇಲೆ ವಾರ್ನಿಶ್ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ವಾರ್ನಿಶ್ ಹಳದಿಗಟ್ಟಿ ಇದ್ದ ಹೊಳಪೂ ಹೋಗುತ್ತದೆ. ಪ್ರಿಸ್ಮಾಟಿಕ್ ಟೇಪಿನೊಳಗೆ ಕಪ್ಪು ಕಲೆಯ ಹಾಗೆ ಕಂಡರೆ ನೀರು ಹೊಕ್ಕಿದೆ ಅಂತ ಅರ್ಥ. ಆ ಜಾಗ ಮತ್ತೆ ಹೊಳೆಯುವುದಿಲ್ಲ. ಆ ತುಂಡನ್ನು ಬದಲಾಯಿಸಬೇಕು.

ಬೋರ್ಡುಗಳ ಗೋಳು

ರಸ್ತೆ ಬೋರ್ಡುಗಳಿಗೆ ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ-67 ಅನ್ನುವ ಸಂಹಿತೆ ಇದೆ. ಬೋರ್ಡಿಗೆ ಅಂಟಿಸುವ ರಿಫ್ಲೆಕ್ಟಿವ್ ಹಾಳೆಯ ದರ್ಜೆಗಳನ್ನು ಅಮೆರಿಕದ ಎಎಸ್‌ಟಿಎಂ ಮಾನದಂಡದ ಹೆಸರಿನಲ್ಲಿ ಟೈಪ್-1, ಟೈಪ್-4, ಟೈಪ್-11 ಅಂತ ಕರೆಯುತ್ತಾರೆ. ಟೇಪಿಗೆ ಹೇಳಿದಂಥದೇ ಬೆಳಕು ಮರಳಿಸುವ ಸಂಖ್ಯೆ ಆ ಮಾನದಂಡದಲ್ಲಿ ಬಿಳಿ ಹಾಳೆಗೆ ಕ್ರಮವಾಗಿ ಕನಿಷ್ಠ 70, 360, 580. ಎಕ್ಸ್‌ಪ್ರೆಸ್‌ವೇಯ ತಲೆಮೇಲಿನ ಬೋರ್ಡಿಗೆ ದೊಡ್ಡ ದರ್ಜೆ ಬೇಕು, ಏಕೆಂದರೆ ಲೋ ಬೀಮ್ ಮೇಲಕ್ಕೆ ಕಡಿಮೆ ಬೆಳಕು ಚೆಲ್ಲುತ್ತದೆ. ಹಳ್ಳಿಯ ಒಳದಾರಿಗೆ ಟೈಪ್-1 ನಡೆಯುತ್ತದೆ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬೀದಿದೀಪ ಇಲ್ಲದ್ದು, ಹಂಪ್ ಜಾಸ್ತಿ ಇರುವುದು, ಹೆಡ್‌ಲೈಟ್ ಮಂಕಾದ ಬೈಕು ಓಡುವುದು ಎಲ್ಲಾ ಅಲ್ಲೇ.

ಊರಿನವರೇ ದುಡ್ಡು ಹಾಕಿ ‘ಮುಂದೆ ಶಾಲೆ ಇದೆ, ನಿಧಾನ’ ಅಂತ ಬೋರ್ಡು ಮಾಡಿಸುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಹಿನ್ನೆಲೆಗೂ ರಿಫ್ಲೆಕ್ಟಿವ್, ಅಕ್ಷರಕ್ಕೂ ರಿಫ್ಲೆಕ್ಟಿವ್. ಹಗಲು ಹಳದಿಯ ಮೇಲೆ ಕೆಂಪು ಅಕ್ಷರ ಚೆಂದ. ರಾತ್ರಿ ಎರಡೂ ಒಟ್ಟಿಗೆ ಹೊಳೆದು ಒಂದು ಬೆಳಕಿನ ಮುದ್ದೆ. ಓದಲು ಆಗುವುದಿಲ್ಲ. ಹಳದಿ ಅಥವಾ ಬಿಳಿ ಹಿನ್ನೆಲೆ ಹೊಳೆಯಲಿ, ಅಕ್ಷರ ಹೊಳೆಯದ ಸಾದಾ ಕಪ್ಪು ಇರಲಿ. ಅಕ್ಷರ ದಪ್ಪಗಿರಲಿ, ಒತ್ತಕ್ಷರದ ಸಂದು ಮುಚ್ಚದ ಹಾಗೆ ಸಾಲುಗಳ ಮಧ್ಯೆ ಜಾಗ ಬಿಡಲಿ. ಬೋರ್ಡಿಗೆ ದುಡ್ಡು ಕೊಟ್ಟವರ ಹೆಸರನ್ನು ಕೆಳಗೆ ಸಣ್ಣದಾಗಿ ಬರೆಸಬಹುದು. ಅದು ರಾತ್ರಿ ಕಾಣದಿದ್ದರೂ ನಷ್ಟವಿಲ್ಲ.

ಎಫ್‌ಸಿ ದಿನದ ಟೇಪ್

ಲಾರಿಯವರ ಭಾಷೆಯಲ್ಲಿ ಇದಕ್ಕೆ ಇನ್ನೊಂದು ಹೆಸರು ‘ಎಫ್‌ಸಿ ಟೇಪ್’. ಫಿಟ್‌ನೆಸ್ ಸರ್ಟಿಫಿಕೇಟಿಗೆ ಗಾಡಿ ಒಯ್ಯುವಾಗ ಟೇಪ್ ನೋಡುತ್ತಾರೆ. ಅವತ್ತಿಗೆ ಬೇಕು, ಆಮೇಲೆ ನೆನಪಿಲ್ಲ. ಇಂಥ ಕಂಪನಿಯದ್ದೇ ಹಾಕಿಸಿ ಅಂದಾಗ ಹೊರಗಿನ ಬೆಲೆಗಿಂತ ಜಾಸ್ತಿ ಕೀಳುತ್ತಾರೆ ಅಂತ ಮಾಲೀಕರು ಸಿಟ್ಟಾಗುತ್ತಾರೆ. ಆ ಸಿಟ್ಟಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಯಾವ ಟೇಪ್ ಬೇಕಾದರೂ ಆಗಲಿ ಅಂತ ಬಿಟ್ಟರೆ ಜೇನುಗೂಡು ಮುದ್ರಿಸಿದ ಪ್ಲಾಸ್ಟಿಕ್ಕೇ ಎಲ್ಲ ಗಾಡಿಗೂ ಬರುತ್ತದೆ. ನನಗನಿಸುವುದು, ಜಗಳ ಬ್ರ್ಯಾಂಡಿನ ಸುತ್ತ ನಡೆಯುತ್ತಿರುವುದೇ ತಪ್ಪು. ಹೊಸ ಟೇಪಿಗೆ ಬಿಲ್ ಕೇಳುತ್ತಾರೆ, ಹಳೆಯದು ಎಷ್ಟು ಹೊಳೆಯುತ್ತದೆ ಅಂತ ಅಳೆಯುವುದಿಲ್ಲ. ಕೈಯಲ್ಲಿ ಹಿಡಿದು ಅಳೆಯುವ ಯಂತ್ರ ಇದೆ. ರಸ್ತೆಯ ಬೋರ್ಡುಗಳನ್ನು ಹೀಗೇ ಅಳೆಯುತ್ತಾರೆ. ಅದೂ ಬೇಡ, ಒಂದು ಕತ್ತಲೆ ಶೆಡ್ಡಿನಲ್ಲಿ ಮೂವತ್ತು ಮೀಟರ್ ದೂರದಿಂದ ಟಾರ್ಚು ಬಿಟ್ಟು ನೋಡಿದರೂ ಅರ್ಧ ಗಾಡಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ, ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ಅದರಲ್ಲಿ ನಿಂತ ಗಾಡಿಯ ಬೆನ್ನಿಗೆ ಗುದ್ದಿದ ಸುದ್ದಿಗಳನ್ನು ನಾವು ವಾರಕ್ಕೊಮ್ಮೆಯಾದರೂ ಓದುತ್ತೇವೆ ಅಲ್ವಾ? ಕೆಟ್ಟು ನಿಂತ ಗಾಡಿಗೆ ಮೈಮೇಲಿನ ಟೇಪ್ ಒಂದೇ ಸಾಲದು. ಗಾಡಿ ಓರೆಯಾಗಿ ನಿಂತಿರಬಹುದು, ಬ್ಯಾಟರಿ ಸತ್ತಿರಬಹುದು. ಎಚ್ಚರಿಕೆಯ ತ್ರಿಕೋನವನ್ನು ಗಾಡಿಯಿಂದ ಐವತ್ತು ಅರವತ್ತು ಹೆಜ್ಜೆ ಹಿಂದೆ ಇಡಬೇಕು. ಹೆದ್ದಾರಿಯಾದರೆ ಇನ್ನೂ ಹಿಂದೆ, ತಿರುವು ಇದ್ದರೆ ತಿರುವಿನ ಆಚೆಗೆ. ಗಾಡಿಯ ಬುಡದಲ್ಲಿ ಇಟ್ಟರೆ ಅದು ಕಾಣುವ ಹೊತ್ತಿಗೆ ಗಾಡಿಯೂ ಕಂಡಿರುತ್ತದೆ.

ಮದ್ದೂರಿನ ದಾರಿಯ ಆ ಟ್ರ್ಯಾಕ್ಟರಿನಲ್ಲಿ ತ್ರಿಕೋನ ಇರಲಿಲ್ಲ. ನನ್ನ ಡಿಕ್ಕಿಯಲ್ಲಿದ್ದದ್ದನ್ನು ಹಿಂದೆ ಇಟ್ಟು, ಪಂಚರ್ ಹಾಕುವ ತನಕ ಕಾದು, ಎತ್ತಿಕೊಂಡು ಹೊರಟೆ. ಮರುದಿನ ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ ಬಂದೆ. ಟ್ರ್ಯಾಕ್ಟರ್ ಹೋಗಿತ್ತು. ಹೊಂಗೆ ಕೊಂಬೆ ಯಾವುದೋ ಚಕ್ರಕ್ಕೆ ಸಿಕ್ಕಿ ಪುಡಿಯಾಗಿತ್ತು. ನಾಲ್ಕು ಕಲ್ಲು ಮಾತ್ರ ರಸ್ತೆಯ ಮೇಲೆ ಹಾಗೇ ಕೂತಿದ್ದವು.